ಮನೆಮಂದಿಯೆಲ್ಲ ಸೇರಿ ಯಾರ ಬಳಿಗೆ ಹೋಗುವುದು?

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯವರು, ಅಡಿಕೆ ತೋಟವಿದೆ. ನನಗೆ 46 ವರ್ಷ. ಮನೆಯಲ್ಲಿ ನಾನು, ನಮ್ಮ ಯಜಮಾನರು, 76 ವರ್ಷದ ಅತ್ತೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿರುವ ಮೈದುನ, ಅವನ ಹೆಂಡತಿ, ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗ, ಹೀಗೆ ಆರು ಜನ. ಎರಡು ವರ್ಷದ ಹಿಂದೆ ಮಾವನವರು ತೀರಿಕೊಂಡರು. ಅಲ್ಲಿಂದೀಚೆಗೆ ಅತ್ತೆ ನಮ್ಮ ಯಜಮಾನರೊಡನೆ ನೇರವಾಗಿ ಮಾತನಾಡುವುದನ್ನು ಬಿಟ್ಟು, ಹೇಳಬೇಕಾದದ್ದನ್ನೆಲ್ಲ ‘ನಿನ್ನ ಗಂಡನಿಗೆ ಹೇಳು’ ಎಂದು ನನ್ನ ಬಾಯಿಂದಲೇ ಹೇಳಿಸುತ್ತಾರೆ. ಅವರು ಕೊಡುವ ಉತ್ತರವನ್ನೂ ನಾನೇ ತಂದು ಒಪ್ಪಿಸಬೇಕು. ಅಣ್ಣತಮ್ಮಂದಿರ ನಡುವೆ ತೋಟದ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಈ ಮಳೆಗಾಲ ಶುರುವಾದಾಗಿನಿಂದ ಮಗನಿಗೆ ಬೆಳಗಾದರೆ ಹೊಟ್ಟೆನೋವು, ಕಾಲೇಜಿಗೆ ಹೋಗುವುದು ವಾರದಲ್ಲಿ ಎರಡು ದಿನವಾದರೆ ಹೆಚ್ಚು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ಆಗಿ ಏನೂ ಇಲ್ಲವೆಂದು ಬಂತು. ನೋಡುತ್ತಿದ್ದ ವೈದ್ಯರು, ಮನೆಯವರೆಲ್ಲ ಸೇರಿ ಒಬ್ಬ ಫ್ಯಾಮಿಲಿ ಥೆರಪಿಸ್ಟ್ ಹತ್ತಿರ ಹೋಗಿ ಎಂದರು. ನಾನೊಬ್ಬಳೇ ಒಬ್ಬ ಆಪ್ತಸಮಾಲೋಚಕರ ಬಳಿಗೆ ಹೋದೆ. ಅವರು ಅರ್ಧ ಗಂಟೆ ನನ್ನ ಮಾತು ಕೇಳಿ, ನನ್ನೆದುರಿಗೇ ಯಜಮಾನರಿಗೆ ಫೋನ್ ಮಾಡಿ, ತಪ್ಪೆಲ್ಲ ನಿಮ್ಮದೇ ಎಂದು ಬುದ್ಧಿ ಹೇಳಿದರು. ಈಗ ಯಜಮಾನರು ಅಂಥವರ ಮುಖವನ್ನೂ ನೋಡುವುದಿಲ್ಲ ಎನ್ನುತ್ತಿದ್ದಾರೆ. ಸರಿಯಾದವರನ್ನು ಹುಡುಕುವುದು ಹೇಗೆ? ಎಲ್ಲಿ ಸಿಗುತ್ತಾರೆ? ಖರ್ಚೆಷ್ಟು? ಯಜಮಾನರು ಬರದಿದ್ದರೆ ಏನು ಮಾಡಲಿ? ಮಾವನವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯೂ ಇನ್ನೂ ಆಗಿಲ್ಲ, ಆದರೆ ಅದು ಬೇರೆ ವಿಷಯ.
ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ನಾನು ಮೊದಲು ಓದಿದ ಹಾಗೆ ಆಯಿತು. ‘ಅದು ಬೇರೆ ವಿಷಯ’ ಎಂದು ನೀವು ಬದಿಗೆ ಸರಿಸಿದ ಪೌತಿ ಖಾತೆ, ಎರಡು ವರ್ಷದಿಂದ ನಿಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು ಎಂದು ತೋರುತ್ತದೆ. ಯಜಮಾನಿಕೆ ನಡೆಸುತ್ತಿದ್ದ ಹಿರಿಯರು ಹೋದ ಮೇಲೆ ಯಾರ ಮಾತು ನಡೆಯಬೇಕು, ತಮ್ಮ ಊರಿಗೆ ಮರಳಿದ್ದು ಪಾಲು ಕೇಳುವುದಕ್ಕೋ ಜೊತೆಗಿರುವುದಕ್ಕೋ, ತನ್ನ ಸ್ಥಾನ ಇನ್ನು ಎಲ್ಲಿ ಎಂದು ಅತ್ತೆಯವರಿಗೆ ಅನ್ನಿಸುತ್ತಿದೆಯೋ, ಇವೆಲ್ಲ ಕೇಳದೆ ಉಳಿದ ಪ್ರಶ್ನೆಗಳು. ನಾನು ಊಹಿಸುತ್ತಿದ್ದೇನೆ, ಪತ್ರ ಓದಿ ಮನೆಯನ್ನು ಅಳೆಯುವುದು ಸರಿಯಲ್ಲವೆಂಬುದೂ ನನಗೆ ಗೊತ್ತು. ಆದರೂ ಕುಟುಂಬ ಚಿಕಿತ್ಸಕರು ಯಾವ ಕಡೆಗೆ ಕಣ್ಣು ಹಾಯಿಸುತ್ತಾರೆಂಬುದು ಇದರಿಂದ ನಿಮಗೆ ಗೊತ್ತಾಗಲಿ ಎಂದು ಹೇಳಿದೆ.

ಮುರ್ರೆ ಬೋವೆನ್ ಎಂಬ ಅಮೆರಿಕದ ಮನೋವೈದ್ಯರು 1950ರ ದಶಕದಲ್ಲಿ ರೋಗಿಯ ಜೊತೆಗೆ ಇಡೀ ಕುಟುಂಬವನ್ನೇ ಆಸ್ಪತ್ರೆಯ ವಾರ್ಡಿನಲ್ಲಿ ಇರಿಸಿಕೊಂಡು ನೋಡಿದರು. ಇಬ್ಬರ ನಡುವಿನ ಬಿಗುವು ತಾಳಲಾರದಷ್ಟಾದಾಗ ಅವರು ಮೂರನೆಯವರೊಬ್ಬರನ್ನು ನಡುವೆ ಎಳೆದುಕೊಳ್ಳುತ್ತಾರೆ, ಆ ಮೂರನೆಯವರ ಮೇಲೆ ಭಾರ ಬೀಳುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ತಾಯಿ ಮತ್ತು ಮಗನ ನಡುವೆ ಅಂಚೆಯಂತೆ ಓಡಾಡುತ್ತಿರುವ ನೀವು ಈಗ ಆ ಮೂರನೆಯವರು. ನಿಮ್ಮ ಮಗ ಬೆಳಗಿನ ಹೊತ್ತು ಮನೆಯಲ್ಲೇ ಉಳಿದರೆ ಏನಾಗುತ್ತದೆಂಬುದನ್ನು ನೋಡಿದ್ದೀರಾ? ಅಜ್ಜಿ, ಅಪ್ಪ, ಚಿಕ್ಕಪ್ಪ ಮೂವರೂ ಅವನ ಹಾಸಿಗೆಯ ಬಳಿ ಬಂದು ನಿಂತು, ಆ ಐದು ನಿಮಿಷವಾದರೂ ತಮ್ಮತಮ್ಮಲ್ಲೇ ಮಾತನಾಡುತ್ತಾರೆಯೇ? ಹಾಗಿದ್ದರೆ ಚಿಕಿತ್ಸಕರು ಅದನ್ನು ಖಂಡಿತ ಗಮನಿಸುತ್ತಾರೆ. ಹುಡುಗ ನಾಟಕ ಮಾಡುತ್ತಿದ್ದಾನೆ ಎಂದು ಇದರ ಅರ್ಥವಲ್ಲ. ನೋವು ನಿಜವಾದದ್ದು, ಎಂಡೋಸ್ಕೋಪಿಯಲ್ಲಿ ಕಾಣದಿದ್ದರೂ ನಿಜವಾದದ್ದೇ. ಹಾಗೆಂದು ಎಲ್ಲವನ್ನೂ ಮನೆಯ ತಲೆಗೆ ಕಟ್ಟುವುದೂ ಬೇಡ: ಖಿನ್ನತೆಯೋ ಪರೀಕ್ಷೆಯ ಭಯವೋ ಕಾಲೇಜಿನಲ್ಲಿ ಯಾರದಾದರೂ ಕಾಟವೋ ಇದೆಯೇ ಎಂದು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಒಮ್ಮೆ ನೋಡಬೇಕು. ಒಳ್ಳೆಯ ಕುಟುಂಬ ಚಿಕಿತ್ಸಕರು ಇದನ್ನು ತಾವಾಗಿಯೇ ಹೇಳುತ್ತಾರೆ. ಸಾಯುವ ಮಾತನ್ನು ಅವನು ಒಂದು ಸಲ ಆಡಿದರೂ ಈ ಹುಡುಕಾಟಕ್ಕೆಲ್ಲ ಕಾಯದೆ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ.

ನೀವು ಮೊದಲು ಕಂಡ ಸಮಾಲೋಚಕರು ಮಾಡಿದ್ದು ಪಂಚಾಯಿತಿ. ಬೇಲಿ ಒತ್ತುವರಿಯಾದಾಗ, ಕಾಲುವೆ ನೀರಿನ ಸರದಿ ತಪ್ಪಿದಾಗ, ಊರಿನ ನಾಲ್ವರು ಹಿರಿಯರು ಕೂತು ಇಂಥವರದು ತಪ್ಪು ಎಂದು ಹೇಳುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಅದರದೇ ಉಪಯೋಗವಿದೆ. ಆದರೆ ಅಲ್ಲೂ ಎರಡು ಕಡೆಯವರನ್ನು ಕೇಳದೆ ತೀರ್ಪು ಕೊಡುವುದಿಲ್ಲ. ಒಬ್ಬರ ಮಾತನ್ನಷ್ಟೇ ಕೇಳಿ, ಇನ್ನೊಬ್ಬರಿಗೆ ಫೋನಿನಲ್ಲಿ ಬುದ್ಧಿ ಹೇಳಿದರೆ, ನಿಮ್ಮ ಯಜಮಾನರಿಗೆ ‘ಹೆಂಡತಿ ಹೋಗಿ ವಕೀಲರನ್ನು ಹಿಡಿದುಕೊಂಡು ಬಂದಳು’ ಎನ್ನಿಸುವುದು ಸಹಜ. ಅವರ ಸಿಟ್ಟಿನಲ್ಲಿ ನನಗೆ ತಪ್ಪೇನೂ ಕಾಣುತ್ತಿಲ್ಲ. ನೀವು ಹುಡುಕಬೇಕಾದವರು ಯಾರ ಕಡೆಗೂ ವಾಲದೆ, ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ‘ಇವರಿಗೆ ನನ್ನ ಕಷ್ಟ ಅರ್ಥವಾಯಿತು’ ಎನ್ನಿಸುವಂತೆ ನಡೆದುಕೊಳ್ಳಬಲ್ಲವರು. ಉಳಿದ ಅರ್ಹತೆಗಳೆಲ್ಲ ಇದರ ನಂತರದವು.

ಆ ಕೋಣೆಯಲ್ಲಿ ಏನು ನಡೆಯುತ್ತದೆಂದು ಗೊತ್ತಿದ್ದರೆ ಸರಿಯಾದವರನ್ನು ಗುರುತಿಸುವುದು ಸುಲಭ. ಮೊದಲ ಒಂದೆರಡು ಭೇಟಿಗಳಲ್ಲಿ ಚಿಕಿತ್ಸಕರು ದೊಡ್ಡದೊಂದು ಹಾಳೆಯ ಮೇಲೆ ನಿಮ್ಮ ಮನೆತನದ ಮೂರು ತಲೆಮಾರನ್ನು ಬರೆಯಿಸಬಹುದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಗುರುತಿನ ಮೇಲೆ ಅಡ್ಡಗೀಟು, ಮುನಿಸಿರುವ ಇಬ್ಬರ ನಡುವೆ ಅಂಕುಡೊಂಕಿನ ಗೆರೆ. ವೃತ್ತಿಯಲ್ಲಿರುವ ನಮಗೆ ಇದು ದಿನನಿತ್ಯದ ಕೆಲಸ. ಆದರೆ ಮನೆಯವರಿಗೆ ಹಾಗಲ್ಲ: ತಂದೆಯ ಚೌಕದ ಮೇಲೆ ತಾನೇ ಗೀಟು ಎಳೆಯಬೇಕಾಗಿ ಬಂದಾಗ ಪೆನ್ನು ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತ ಐವತ್ತರ ಗಂಡಸರನ್ನು ನಾನು ನೋಡಿದ್ದೇನೆ. ಆಮೇಲೆ ಪ್ರಶ್ನೆಗಳು. ಇಟಲಿಯ ಮಿಲಾನ್ ನಗರದ ನಾಲ್ವರು ಮನೋವೈದ್ಯರು 1970ರ ದಶಕದಲ್ಲಿ ರೂಢಿಸಿಕೊಂಡ ಒಂದು ಕ್ರಮ ಇಂದಿಗೂ ಬಳಕೆಯಲ್ಲಿದೆ. ‘ನಿಮಗೇನು ತೊಂದರೆ’ ಎಂದು ಒಬ್ಬರನ್ನೇ ಕೇಳುವ ಬದಲು, ಇಬ್ಬರ ನಡುವಿನ ಸಂಬಂಧವನ್ನು ಮೂರನೆಯವರಿಂದ ಕೇಳುತ್ತಾರೆ. ಒಂದು ಮನೆಯವರನ್ನು ಕೂರಿಸಿಕೊಂಡು ‘ಅಪ್ಪ ಊಟ ಬಿಟ್ಟು ಎದ್ದುಹೋದರೆ ಮನೆಯಲ್ಲಿ ಹೆಚ್ಚು ಸಂಕಟ ಯಾರಿಗೆ?’ ಎಂದು ನಾನು ಎಂಟು ವರ್ಷದ ಹುಡುಗಿಯೊಬ್ಬಳನ್ನು ಕೇಳಿದ್ದೆ. ‘ಅಜ್ಜಿಗೆ. ಆದ್ರೆ ಅಜ್ಜಿ ಅಪ್ಪನ್ನ ಕರೆಯಲ್ಲ, ತಟ್ಟೆಗೆ ಮುಚ್ಚಳ ಮುಚ್ಚಿಟ್ಟು ನನ್ನ ಕಳಿಸ್ತಾರೆ’ ಎಂದಳು. ತನ್ನ ತಾಯಿಗೆ ತನ್ನ ಮೇಲೆ ಇನ್ನು ಅಕ್ಕರೆಯೇ ಇಲ್ಲ ಎಂದು ಮೂರು ಭೇಟಿಗಳಿಂದ ವಾದಿಸುತ್ತಿದ್ದ ಆಕೆಯ ತಂದೆ ಆ ಮುಚ್ಚಳದ ಸುದ್ದಿಯನ್ನು ಅಂದೇ ಮೊದಲು ಕೇಳಿದ್ದು.

ಇನ್ನು ಯಾರು ಅರ್ಹರು ಎಂಬ ವಿಷಯ. ‘ಕುಟುಂಬ ಚಿಕಿತ್ಸಕ’ ಎಂಬ ಹೆಸರಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಪರವಾನಗಿ ಇಲ್ಲ. ಆದ್ದರಿಂದ ಬೋರ್ಡಿನ ಮೇಲೆ ಆ ಪದ ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ, ಅದರ ಹಿಂದಿನ ಓದು ಮತ್ತು ತರಬೇತಿಯನ್ನು ಕೇಳಬೇಕು. ನಮ್ಮಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುತ್ತಿರುವವರು ಎರಡು ಬಗೆಯವರು. ಒಬ್ಬರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು. ಇವರು ಸ್ನಾತಕೋತ್ತರ ಪದವಿಯ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷ ಎಂ.ಫಿಲ್. ಓದಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಇನ್ನೊಬ್ಬರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಸಮಾಜ ಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯೂ. ಮಾಡಿ, ಅದರ ಮೇಲೆ ಅದೇ ರೀತಿ ಆಸ್ಪತ್ರೆಯ ತರಬೇತಿ ಪಡೆದಿರುತ್ತಾರೆ. ಎರಡನೆಯವರ ತರಬೇತಿಯಲ್ಲಿ ಕುಟುಂಬವೇ ಕೇಂದ್ರ. ನಾನೂ ಆ ಗುಂಪಿನವಳಾದ್ದರಿಂದ ಇದರಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಕ್ಷಮಿಸಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿದ ವೈದ್ಯರು, ಔಷಧ ಬರೆಯುವ ಅಧಿಕಾರ ಇರುವುದು ಇವರಿಗೆ. ಅವರಲ್ಲಿ ಕೆಲವರು ಕುಟುಂಬ ಚಿಕಿತ್ಸೆಯನ್ನೂ ಮಾಡುತ್ತಾರೆ, ಆದರೆ ಹೊರಗೆ ಎಂಬತ್ತು ಜನ ಕಾಯುತ್ತಿರುವ ಓಪಿಡಿಯಲ್ಲಿ ಆರು ಜನರ ಒಂದು ಮನೆಯನ್ನು ಕೂರಿಸಿ ಮಾತನಾಡಿಸಲು ಸಮಯ ಸಿಗುವುದು ಕಷ್ಟ. ‘ಆಪ್ತಸಮಾಲೋಚಕ’ ಎಂಬ ಪದದಡಿ ಮಾತ್ರ ಎಲ್ಲ ಬಗೆಯವರೂ ಸೇರಿಕೊಂಡಿದ್ದಾರೆ. ಬಹಳ ನುರಿತವರೂ ಇದ್ದಾರೆ, ಕೆಲವೇ ವಾರಗಳ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಅವರ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಬಹುದು. ಸಂಖ್ಯೆ ಕೇಳಿದ್ದಕ್ಕೆ ಯಾರಾದರೂ ಮುಖ ಗಂಟಿಕ್ಕಿದರೆ ಅಲ್ಲಿಗೆ ನಿಮ್ಮ ಒಂದು ಪ್ರಯಾಣದ ಖರ್ಚು ಉಳಿಯಿತೆಂದು ತಿಳಿಯಿರಿ.

ಎಲ್ಲಿ ಸಿಗುತ್ತಾರೆ ಎಂದರೆ, ನಿಮಗೆ ಹತ್ತಿರವಾದದ್ದರಿಂದ ಹೇಳುತ್ತೇನೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಅಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರ ಮತ್ತು ಸಮಾಜ ಕಾರ್ಯಕರ್ತರ ಹುದ್ದೆಗಳಿರುತ್ತವೆ. ದೇಶಕ್ಕೆಲ್ಲ ಹರಡಿರುವ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಚಿಕಿತ್ಸಾಲಯ ನಡೆಸುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಗೆ ಹೋದಾಗ ‘ಕೌನ್ಸೆಲಿಂಗ್ ಬೇಕು’ ಎಂದಷ್ಟೇ ಹೇಳಿದರೆ ನಿಮ್ಮೊಬ್ಬರನ್ನೇ ಕೂರಿಸಿ ಕಳಿಸಿಬಿಡಬಹುದು. ‘ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ನೋಡುವವರು ಇದ್ದಾರೆಯೇ?’ ಎಂದು ಬಿಡಿಸಿ ಕೇಳಿ. ಹುದ್ದೆ ಖಾಲಿ ಇದ್ದರೆ, ಅಥವಾ ಆ ತರಬೇತಿ ಇದ್ದವರು ಇಲ್ಲದಿದ್ದರೆ, ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕಾಗುತ್ತದೆ. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಒಂದು ಕೇಂದ್ರವಿದ್ದು, ಅಗತ್ಯವಿದ್ದ ಮನೆಯವರು ಅಲ್ಲೇ ಉಳಿದುಕೊಂಡು ಚಿಕಿತ್ಸೆ ಪಡೆಯುವ ವ್ಯವಸ್ಥೆಯೂ ಇದೆ. ದೂರದಿಂದ ಬರುವವರಿಗೆ ಇದು ಬಹಳ ಅನುಕೂಲ. ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತೇವೆಂದು ದಿನ ಗೊತ್ತುಮಾಡಿಕೊಂಡು ಹೋದ ಮನೆಯವರೂ ಇದ್ದಾರೆ.

ಮನೆಯವರೆಲ್ಲ ಆಸ್ಪತ್ರೆಗೆ ಹೋಗುವುದೆಂದರೆ ಅತ್ತೆಯವರು ‘ಹುಚ್ಚಾಸ್ಪತ್ರೆಗೆ ನಾನ್ಯಾಕೆ’ ಎನ್ನಬಹುದು. ಇದು ಎಲ್ಲಿಂದಲೋ ಬಂದ ಹೊಸ ಪದ್ಧತಿಯಲ್ಲವೆಂದು ಅವರಿಗೆ ಹೇಳಿ. ಅಮೆರಿಕದಲ್ಲಿ ಬೋವೆನ್ ಆ ಪ್ರಯೋಗ ಮಾಡುತ್ತಿದ್ದ ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಉಳಿಸಿಕೊಂಡಿದ್ದರು. ವಾರ್ಡುಗಳಲ್ಲಿ ಜಾಗವಿಲ್ಲದ ಕಷ್ಟವೂ ಅದಕ್ಕೆ ಕಾರಣವಾಗಿತ್ತು. ಆದರೆ ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳಿದರೆಂಬುದು ಆಮೇಲೆ ನಮ್ಮ ದೇಶದ ಮನೋವೈದ್ಯಕ್ಕೇ ಒಂದು ಪಾಠವಾಯಿತು.

ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಎಂಬ ಸರ್ಕಾರದ ಸಹಾಯವಾಣಿ. ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ, ರಾತ್ರಿಯೂ ಇರುತ್ತದೆ. ಅವರು ಫೋನಿನಲ್ಲೇ ಕುಟುಂಬ ಚಿಕಿತ್ಸೆ ಮಾಡುತ್ತಾರೆಂದು ತಿಳಿಯಬೇಡಿ. ನಿಮ್ಮ ಜಿಲ್ಲೆಯಲ್ಲಿ ಯಾರನ್ನು ಕಾಣಬಹುದೆಂದು ಅವರನ್ನು ಕೇಳಬಹುದು.

ಖಾಸಗಿಯವರಾದರೆ ಹೋಗುವ ಮೊದಲು ಫೋನಿನಲ್ಲಿ ಹತ್ತು ನಿಮಿಷ ಮಾತನಾಡಿ. ಎಲ್ಲಿ ತರಬೇತಿ ಪಡೆದಿರಿ, ಕುಟುಂಬಗಳನ್ನು ಒಟ್ಟಿಗೆ ಕೂರಿಸಿ ನೋಡುವುದು ನಿಮ್ಮ ವಾರದ ಕೆಲಸದಲ್ಲಿ ಎಷ್ಟು ಪಾಲು ಎಂದು ಕೇಳಿ. ‘ಅದನ್ನೂ ಮಾಡುತ್ತೇವೆ’ ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ನೋಡುವುದು ಲೇಸು. ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ‘ನಮ್ಮಲ್ಲಿ ಒಬ್ಬರು ನಿಮಗೆ ಗುಟ್ಟಾಗಿ ಫೋನ್ ಮಾಡಿ ಏನಾದರೂ ಹೇಳಿದರೆ ಅದನ್ನು ನೀವು ಏನು ಮಾಡುತ್ತೀರಿ?’ ಎಂದು ಕೇಳಿ ನೋಡಿ. ಅನುಭವವಿದ್ದವರ ಬಳಿ ಇದಕ್ಕೆ ಸಿದ್ಧವಾದ ನಿಯಮವೊಂದು ಇದ್ದೇ ಇರುತ್ತದೆ: ಕೆಲವರು ಹಾಗೆ ಗುಟ್ಟು ಕೇಳುವುದೇ ಇಲ್ಲ, ಕೆಲವರು ಕೇಳಿ, ಅದನ್ನು ಎಲ್ಲರ ಮುಂದೆ ಹೇಳಲು ಆ ವ್ಯಕ್ತಿಯನ್ನೇ ಸಿದ್ಧಗೊಳಿಸುತ್ತಾರೆ. ಯಾವುದಾದರೂ ಸರಿ, ಆದರೆ ಪ್ರಶ್ನೆಯೇ ಅರ್ಥವಾಗದವರ ಬಳಿ ನಿಮ್ಮ ಮನೆಯ ಮಾತುಗಳು, ಈಗ ನಿಮ್ಮ ಮೂಲಕ ಹೋಗಿಬರುತ್ತಿರುವಂತೆ, ಅವರ ಮೂಲಕ ಹೋಗಿಬರಲು ಶುರುವಾಗುತ್ತವೆ. ಆಡುಮಾತಿನ ವಿಷಯವನ್ನೂ ಕೇಳಿ. ಅತ್ತೆಯವರು ಮನೆಯಲ್ಲಿ ಆಡುವ ಮಾತಿನಲ್ಲೇ ಅವರು ಮಾತನಾಡಬೇಕೆಂದಿಲ್ಲ, ಆದರೆ ಅದನ್ನು ಕೇಳಿ ಅರ್ಥಮಾಡಿಕೊಳ್ಳುವಷ್ಟಾದರೂ ಬೇಕು. ಸಿಟ್ಟು ಬಂದಾಗ ಯಾರೂ ಪುಸ್ತಕದ ಕನ್ನಡ ಆಡುವುದಿಲ್ಲ. ಮೊದಲ ಭೇಟಿಯಲ್ಲೇ ತಪ್ಪು ಇಂಥವರದೆನ್ನುವವರು, ಇಷ್ಟೇ ಭೇಟಿಯಲ್ಲಿ ಗ್ಯಾರಂಟಿ ಎನ್ನುವವರು, ಹುಡುಗನ ಮುಖ ನೋಡಿದೊಡನೆ ‘ಎಲ್ಲ ಮೊಬೈಲಿಂದ’ ಎನ್ನುವವರು, ಇವರೆಲ್ಲರಿಂದ ದೂರವಿರಿ.

ಖರ್ಚು: ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಯ ಹಣ ಮತ್ತು ಅಲ್ಪ ಶುಲ್ಕ. ಖಾಸಗಿಯಲ್ಲಿ ಒಂದು ಭೇಟಿಗೆ ಸಾವಿರ ರೂಪಾಯಿಯ ಆಸುಪಾಸಿನಿಂದ ಹಿಡಿದು ಬೆಂಗಳೂರಿನಲ್ಲಿ ಮೂರು ಸಾವಿರ ದಾಟಿದ್ದೂ ಇದೆ. ಭೇಟಿ ಒಂದರಿಂದ ಒಂದೂವರೆ ಗಂಟೆಯದು. ಮೊದಮೊದಲು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮೂರು ನಾಲ್ಕು ಭೇಟಿಯಾದರೂ ಏನೂ ಬದಲಾಗದಿದ್ದರೆ ಅದನ್ನು ಅವರಿಗೇ ನೇರವಾಗಿ ಹೇಳಿ.

ಯಜಮಾನರು ಬರದಿದ್ದರೆ ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಬರುವವರೆಗೆ ಕಾಯಬೇಡಿ, ಮೊದಲು ನೀವು ಮತ್ತು ಮಗ ಹೋಗಿ. ಒಬ್ಬರು ಬಂದರೂ ಕುಟುಂಬದ ಕೆಲಸ ಶುರುವಾಗಬಹುದು. ಅತ್ತೆಯವರು ‘ನಿನ್ನ ಗಂಡನಿಗೆ ಹೇಳು’ ಎಂದಾಗ ಆ ಮಾತನ್ನು ಹೊತ್ತೊಯ್ಯದೆ, ಅವರ ಮನಸ್ಸನ್ನೂ ನೋಯಿಸದೆ ಏನು ಹೇಳಬಹುದೆಂಬುದೇ ನಿಮ್ಮ ಮೊದಲ ಎರಡು ಭೇಟಿಗಳಿಗೆ ಸಾಕಾಗುವಷ್ಟು ವಿಷಯ. ಯಜಮಾನರನ್ನು ಕರೆಯುವಾಗ ಅವರು ಬದಲಾಗಬೇಕೆಂಬ ಮಾತು ಬೇಡ. ‘ಮಗನ ವಿಷಯದಲ್ಲಿ ನಿಮಗೆ ಗೊತ್ತಿರೋದು ನನಗೆ ಗೊತ್ತಿಲ್ಲ, ಅವರು ನಿಮ್ಮನ್ನೂ ಕೇಳಬೇಕಂತೆ, ಒಂದು ಸಲ ಬನ್ನಿ’ ಎನ್ನಿ. ಇದು ಉಪಾಯದ ಮಾತಲ್ಲ, ನಿಜವೂ ಹೌದು. ಒಮ್ಮೆ ಅವಮಾನವಾಗಿರುವುದರಿಂದ ಹೊಸ ಚಿಕಿತ್ಸಕರೇ ಅವರಿಗೆ ಫೋನ್ ಮಾಡಿ, ಬುದ್ಧಿ ಹೇಳುವುದಕ್ಕಲ್ಲ, ಅವರ ಮಾತು ಕೇಳುವುದಕ್ಕೆ ಕರೆಯುತ್ತಿದ್ದೇನೆಂದು ಹೇಳಿದರೆ ಇನ್ನೂ ಒಳ್ಳೆಯದು. ಹಾಗೆ ಮಾಡುತ್ತೀರಾ ಎಂದು ಮೊದಲೇ ಕೇಳಿ. ಅತ್ತೆಯವರು ಪ್ರಯಾಣ ಮಾಡಲಾರರಾದರೆ ಸಮಾಜ ಕಾರ್ಯಕರ್ತರು ಮನೆಗೆ ಬರುವುದೂ ಉಂಟು. ಮತ್ತು ಪೌತಿ ಖಾತೆ: ಅದನ್ನು ಮಾಡಿಸುವುದು ಕಂದಾಯ ಇಲಾಖೆಯ ಕೆಲಸ, ಪಾಲಿನ ತಕರಾರಿದ್ದರೆ ವಕೀಲರ ಕೆಲಸ. ಆದರೆ ಆ ಮಾತನ್ನು ಆರೂ ಜನ ಕೂತು ಮೊದಲ ಸಲ ಎತ್ತುವ ಜಾಗ ಚಿಕಿತ್ಸಕರ ಕೋಣೆಯಾದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಪ್ರಶ್ನೆ: ಗಂಡ ಕುಡಿದಾಗ ಹೊಡೆಯುತ್ತಾರೆ. ತವರಿಗೆ ಬಂದು ಒಂದು ತಿಂಗಳಾಯಿತು. ಈಗ ಅವರ ಕಡೆಯವರು ‘ಕೇಸು ಗೀಸು ಬೇಡ, ಇಬ್ಬರೂ ಫ್ಯಾಮಿಲಿ ಕೌನ್ಸೆಲಿಂಗ್‌ಗೆ ಹೋಗಿ’ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?
ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಈಗ ಬೇಡ. ಕುಟುಂಬ ಚಿಕಿತ್ಸೆಯಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಮಾತನಾಡಬೇಕು. ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆಂಬ ಹೆದರಿಕೆ ಇರುವವರು ಹಾಗೆ ಮಾತನಾಡಲಾರರು, ಮಾತನಾಡಿದರೆ ಅಪಾಯ. ಇಬ್ಬರ ನಡುವೆ ಏನು ನಡೆಯುತ್ತದೆಂದು ನೋಡುವ ನಮ್ಮ ಕ್ರಮವೇ ಇಲ್ಲಿ ತಿರುಗುಬಾಣವಾಗಿ, ಏಟಿನಲ್ಲಿ ನಿಮ್ಮದೂ ಪಾಲಿದೆ ಎಂಬ ಅರ್ಥ ಬರುವಂತಾಗುತ್ತದೆ. ಹೊಡೆತದ ಹೊಣೆ ಹೊಡೆದವರದು.

ಮೊದಲು ನಿಮ್ಮ ಸುರಕ್ಷತೆ. 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ, ಅಥವಾ ನಿಮ್ಮ ಜಿಲ್ಲೆಯ ಸಖಿ ಕೇಂದ್ರಕ್ಕೋ ಹತ್ತಿರದ ಸಾಂತ್ವನ ಕೇಂದ್ರಕ್ಕೋ ಹೋಗಿ, ತುರ್ತಾದರೆ 112. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅವರ ಕಡೆಯವರಿಗೆ ಇನ್ನೊಂದು ಸಂಗತಿಯನ್ನೂ ತಿಳಿಸಬಹುದು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ನ್ಯಾಯಾಲಯವೇ ಸಮಾಲೋಚನೆಗೆ ಕಳಿಸಬಹುದು, ಮತ್ತು ಅದರ ನಿಯಮಗಳ ಪ್ರಕಾರ ಅಲ್ಲಿ ಇನ್ನು ಮುಂದೆ ಹಿಂಸೆ ಮಾಡುವುದಿಲ್ಲವೆಂದು ಪ್ರತಿವಾದಿ ಮುಚ್ಚಳಿಕೆ ಕೊಡಬೇಕು, ತಾನು ಯಾಕೆ ಹೊಡೆದೆ ಎಂಬುದಕ್ಕೆ ಸಮರ್ಥನೆ ಹೇಳುವ ಹಾಗಿಲ್ಲ. ಅವರಿಗೆ ನಿಜವಾಗಿಯೂ ಚಿಕಿತ್ಸೆ ಬೇಕಿದ್ದರೆ ಕುಡಿತ ಬಿಡಿಸುವ ಚಿಕಿತ್ಸೆಗೆ ಅವರೊಬ್ಬರೇ ಮೊದಲು ಹೋಗಲಿ. ಕುಡಿತ ನಿಂತು, ಕೈಯೂ ನಿಂತು, ಹಲವು ತಿಂಗಳು ಕಳೆದ ಮೇಲೆ, ನಿಮಗೆ ಮನಸ್ಸಿದ್ದರೆ ಮಾತ್ರ, ಒಟ್ಟಿಗೆ ಕೂರುವ ವಿಚಾರ.

ಪ್ರಶ್ನೆ: ಕುಟುಂಬ ಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುತ್ತದೆಯೇ?
ಒಬ್ಬ ಓದುಗರು, ತುಮಕೂರು

ಉತ್ತರ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ನಮ್ಮಲ್ಲಿನ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ; ಕುಟುಂಬದವರು ಹೊರರೋಗಿಗಳಾಗಿ ಹೋಗಿಬರುವ ಭೇಟಿಗಳಿಗೆ, ಪಾಲಿಸಿಯಲ್ಲಿ ಓಪಿಡಿ ಸೌಲಭ್ಯವೆಂದು ಬೇರೆಯಾಗಿ ಬರೆದಿದ್ದರೆ ಮಾತ್ರ ಕೇಳಿ ನೋಡಬಹುದು.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ತಮ್ಮ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಅವರ ಆರೈಕೆಯ ವಿಷಯದಲ್ಲಿ ನನಗೂ ತಮ್ಮನಿಗೂ ಮಾತು ಬಿಟ್ಟುಹೋಗಿದೆ. ನಾಲ್ವರೂ ವಿಡಿಯೊದಲ್ಲಿ ಸೇರಿ ಕುಟುಂಬ ಚಿಕಿತ್ಸೆ ಪಡೆಯಬಹುದೇ? ಇಲ್ಲಿಯ ಥೆರಪಿಸ್ಟ್ ಆಗಬಹುದೇ, ಅಲ್ಲಿಯವರೇ ಬೇಕೇ?
ಒಬ್ಬ ಓದುಗರು, ಅಮೆರಿಕ

ಉತ್ತರ: ಪಡೆಯಬಹುದು. ಅಮೆರಿಕದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಿಗೆ ಪ್ರತ್ಯೇಕ ಪರವಾನಗಿ ಇದೆ, ಅದನ್ನು ಒಂದೊಂದು ರಾಜ್ಯವೂ ತಾನೇ ಕೊಡುತ್ತದೆ. ಸಾಮಾನ್ಯವಾಗಿ ಆ ರಾಜ್ಯದೊಳಗೆ ಇರುವವರಿಗಷ್ಟೇ ಅವರು ಚಿಕಿತ್ಸೆ ಕೊಡಬಹುದು. ನಾಲ್ವರಲ್ಲಿ ಮೂವರು ಇಲ್ಲಿರುವುದರಿಂದಲೂ, ಅಪ್ಪ ಅಮ್ಮ ಕನ್ನಡದಲ್ಲೇ ಮಾತನಾಡುವರಾದ್ದರಿಂದಲೂ, ಮೈಸೂರು ಅಥವಾ ಬೆಂಗಳೂರಿನ ಒಬ್ಬರನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೀವು ಹೊರದೇಶದಿಂದ ಸೇರುತ್ತೀರೆಂದು ಮೊದಲೇ ತಿಳಿಸಿ. ಕೆಲವರು ಅದಕ್ಕೆ ಒಪ್ಪುವುದಿಲ್ಲ.

ಹೊತ್ತಿನ ವಿಷಯಕ್ಕೆ, ಇಲ್ಲಿ ಸಂಜೆ ಆರೂವರೆ ಎಂದರೆ ನಿಮಗೆ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತು, ಚಳಿಗಾಲದಲ್ಲಿ ಎಂಟು. ಅಪ್ಪ ಅಮ್ಮ ದಣಿದಿರುವ ರಾತ್ರಿ ಹತ್ತು ಗಂಟೆಗೆ ಮಾತ್ರ ಇಟ್ಟುಕೊಳ್ಳಬೇಡಿ. ಮೊದಲ ಒಂದು ಭೇಟಿಗೆ ತಮ್ಮ ಮೈಸೂರಿಗೆ ಹೋಗಿ ಅಪ್ಪ ಅಮ್ಮನ ಪಕ್ಕದಲ್ಲೇ ಕೂರಲು ಸಾಧ್ಯವೇ ಎಂದು ಕೇಳಿ ನೋಡಿ. ಮಾತು ಬಿಟ್ಟಿರುವುದರಿಂದ ಈ ಕೋರಿಕೆ ಚಿಕಿತ್ಸಕರಿಂದ ಹೋಗಲಿ, ಅಮ್ಮನಿಂದ ಹೇಳಿಸಬೇಡಿ. ಇನ್ನು ಫೋನನ್ನು ಅಪ್ಪನ ಕೈಗೆ ಕೊಟ್ಟರೆ ಅಪ್ಪನ ಹಣೆ ಮಾತ್ರ ಕಾಣುತ್ತದೆ, ಅಮ್ಮ ಹಿಂದೆಲ್ಲೋ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತಾರೆ. ಅದನ್ನು ಊಟದ ಮೇಜಿನ ಮೇಲೆ ಡಬ್ಬಿಯೊಂದಕ್ಕೆ ಒರಗಿಸಿಟ್ಟು, ಇಬ್ಬರೂ ಕಾಣುವಂತೆ ಎರಡು ಕುರ್ಚಿ ಹಾಕಿಸಿ.